ಕುಂಡದ ಪೊದೆಮೆಣಸು ಬೆಳೆಯುತ್ತಿಲ್ಲ, ಎಲೆಯ ಅಂಚು ಸುಡುತ್ತಿದೆ

ಕೋಡಿಬಾಗ_ಟೆರೇಸ್:
ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಳೆದ ಮಳೆಗಾಲದ ಸುರುವಿಗೆ ಶಿರಸಿ ಕಡೆಯ ನರ್ಸರಿಯಿಂದ ಪೊದೆಮೆಣಸಿನ (ಪೊದೆಯಾಗಿ ಬೆಳೆಯುವ ಕಾಳುಮೆಣಸು) ಗಿಡ ತಂದಿದ್ದೆ. ಪಣಿಯೂರು-1 ತಳಿ, ಹಿಪ್ಪಲಿ ಬೇರಿನ ಮೇಲೆ ಕಸಿ ಮಾಡಿದ್ದು ಎಂದಿದ್ದರು. ಮಳೆಯಲ್ಲಿ ಚೆನ್ನಾಗಿ ಚಿಗುರಿತು. ದೀಪಾವಳಿ ಕಳೆದ ಮೇಲೆ ಗಪ್ಪಂತ ನಿಂತಿತು. ಈಗ ಮಾರ್ಚ್. ಹೊಸ ಎಲೆ ಹೆಬ್ಬೆರಳಿನಷ್ಟು ಬಂದು ಅಲ್ಲಿಗೇ ಮುಗಿಯುತ್ತದೆ. ಹಳೆ ಎಲೆಯ ತುದಿ, ಅಂಚು ಕಂದು. ಕಪ್ಪು ಗ್ರೋಬ್ಯಾಗಿನಲ್ಲಿದೆ. ದಿನಾ ಬೆಳಿಗ್ಗೆ ಬಾವಿ ನೀರು, ಒಂದೊಂದು ತಂಬಿಗೆ. ಗೊಬ್ಬರ ಸಾಲದೇನೋ ಅಂತ 19:19:19 ಕೊಟ್ಟೆ, ಡಿಎಪಿ ಹಾಕಿದೆ. ಹಬ್ಬಲಿ ಅಂತ ಕೋಲೂ ನೆಟ್ಟಿದ್ದೇನೆ, ಹತ್ತುತ್ತಿಲ್ಲ. ಏನು ಕಡಿಮೆಯಾಗಿದೆ?

ಕುಮಟಾ_ಕೈತೋಟ:
ಮೆಗ್ನೀಸಿಯಂ ಕಡಿಮೆ ಇರಬೇಕು. ಎಪ್ಸಂ ಸಾಲ್ಟ್ ಸಿಂಪಡಿಸಿ ನೋಡಿ.

ಬೆಟ್ಟದ_ಭಾಗಾಯ್ತ:
ಸ್ವಲ್ಪ ತಡೀರಿ ಮಾರಾಯ್ರೆ. ಮೆಗ್ನೀಸಿಯಂ ಕಡಿಮೆಯಾದರೆ ಹಳೆ ಎಲೆಯ ನರ ಹಸಿರಾಗಿ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ. ಇವರದ್ದು ಅಂಚಿನಿಂದ ಒಳಗೆ ಸುಡುತ್ತಿದೆ. ಅದು ಉಪ್ಪಿನ ಲಕ್ಷಣ.

ಮೊದಲು ಕೋಲು ಕಿತ್ತುಬಿಡಿ. ಪೊದೆಮೆಣಸು ಹತ್ತುವುದಿಲ್ಲ. ಬಳ್ಳಿಯ ಪಕ್ಕಕ್ಕೆ ಚಾಚುವ, ಕಾಳು ಬಿಡುವ ರೆಂಬೆಯಿಂದ ಮಾಡಿದ ಗಿಡ ಅದು. ಅಡ್ಡಕ್ಕೇ ಹರಡುತ್ತದೆ.

ಇನ್ನು ತಾರೀಕು ನೋಡಿ. ಮಳೆ ಇರುವವರೆಗೆ ಬೆಳೆದಿದೆ, ಮಳೆ ಹೋದ ಮೇಲೆ ನಿಂತಿದೆ. ಒಣ ದಿನಗಳಲ್ಲಿ ಮೆಣಸು ನಿಧಾನವಾಗುವುದು ಸರಿ, ನಮ್ಮ ತೋಟದಲ್ಲೂ ಹಾಗೇ. ಆದರೆ ಅಂಚು ಸುಡುವುದಿಲ್ಲ. ನೀವಿರುವುದು ಕಾಳಿ ನದಿ ಸಮುದ್ರ ಸೇರುವಲ್ಲಿ. ಬೇಸಿಗೆಯಲ್ಲಿ ಬಾವಿ ಸವುಳಾಗುತ್ತದಾ? ಬ್ಯಾಗಿನ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆಯಾ?

ಒಂದು ತಂಬಿಗೆ ನೀರು ತಳದಿಂದ ಹೊರಗೆ ಬರುವುದೇ ಇಲ್ಲ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮರುದಿನ ಮತ್ತಷ್ಟು ಉಪ್ಪು. ಅದರ ಮೇಲೆ ಡಿಎಪಿ, ಅದೂ ಲವಣವೇ. ಜ್ವರ ಬಂದವನಿಗೆ ಹೋಳಿಗೆ ಬಡಿಸಿದ ಹಾಗೆ. ಮಣ್ಣಿನಲ್ಲಿ ಉಪ್ಪು ಜಾಸ್ತಿಯಾದರೆ ತೇವ ಇದ್ದರೂ ಬೇರು ನೀರು ಎಳೆಯಲಾರದು. ಗೊಬ್ಬರ ಕಡಿಮೆಯಾದ ಹಾಗೇ ಕಾಣುತ್ತದೆ, ಎಲ್ಲರೂ ಇನ್ನಷ್ಟು ಸುರಿಯುತ್ತಾರೆ.

ಕೋಡಿಬಾಗ_ಟೆರೇಸ್:
ಬಿಳಿ ಪುಡಿ ಇದೆ! ಸುಣ್ಣ ಅಂದುಕೊಂಡಿದ್ದೆ. ಬಾವಿ ನೀರನ್ನು ಫೆಬ್ರವರಿಯಿಂದ ಅಡುಗೆಗೆ ಬಳಸುವುದಿಲ್ಲ. ನೀರಿನಲ್ಲಿ ಕರಗಿದ ಲವಣ ಅಳೆಯುವ ಪಕ್ಕದ ಮನೆಯ ಟಿಡಿಎಸ್ ಮೀಟರಿನಲ್ಲಿ ಈಗ ನೋಡಿದೆ, 1400 ಪಿಪಿಎಂ ತೋರಿಸಿತು. ಮಣ್ಣು ಪೂರ್ತಿ ಬದಲಿಸಬೇಕಾ? ಸೊರಗು ರೋಗವೂ ಇರಬಹುದಾ?

ಬೆಟ್ಟದ_ಭಾಗಾಯ್ತ:
500ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 1400 ಕುಂಡದ ಮೆಣಸಿಗೆ ಜಾಸ್ತಿಯೇ. ಶೀಘ್ರ ಸೊರಗು ರೋಗ ಹೀಗೆ ತಿಂಗಳುಗಟ್ಟಲೆ ಕಾಯುವುದಿಲ್ಲ, ಗಿಡ ಬೇಗ ಜೋತುಬೀಳುತ್ತದೆ. ಹಿಪ್ಪಲಿ ಬೇರು ಅದನ್ನು ತಡೆಯುತ್ತದೆ ಅಂತಲೇ ಕಸಿ ಮಾಡುವುದು.

ಮಣ್ಣು ಬದಲಿಸಬೇಡಿ, ತೊಳೆಯಿರಿ. ಮೊದಲು ಬಿಳಿ ಪುಡಿ ಕೆರೆದು ತೆಗೆಯಿರಿ. ತಳದ ತೂತು ಕಟ್ಟಿದ್ದರೆ ಬಿಡಿಸಿ. ಆಮೇಲೆ ನಲ್ಲಿ ನೀರನ್ನು, ಮಣ್ಣು ಎಷ್ಟಿದೆಯೋ ಅದರ ಎರಡು ಮೂರು ಪಟ್ಟು, ನಿಧಾನಕ್ಕೆ ಹಾಕಿ ಪೂರ್ತಿ ಸೋರಲು ಬಿಡಿ. ಕೆಳಗೆ ತಟ್ಟೆ ಇಟ್ಟಿದ್ದರೆ ತೆಗೆದುಬಿಡಿ, ಸೋರಿದ ಉಪ್ಪುನೀರನ್ನು ಅದೇ ಮಣ್ಣು ವಾಪಸ್ ಎಳೆಯುತ್ತದೆ. ಹಾಗಂತ ನೀರು ಕಡಿಮೆ ಮಾಡಬೇಡಿ. ಕಸಿಗೆ ಬಳಸುವ ಆ ಹಿಪ್ಪಲಿ ನಮ್ಮ ಔಷಧಿಯ ಹಿಪ್ಪಲಿಯಲ್ಲ, ದಕ್ಷಿಣ ಅಮೆರಿಕದ ಒದ್ದೆ ನೆಲದ ಗಿಡ, ಬೇರು ಒಣಗಿದರೆ ಮೇಲಿನ ಮೆಣಸೂ ಹೋಗುತ್ತದೆ. ಕಸಿಗಂಟಿನ ಕೆಳಗೆ ಚಿಗುರಿದ್ದರೆ ಚಿವುಟಿ. ಅದು ಹಿಪ್ಪಲಿಯದ್ದು, ಸುಮ್ನೆ ಮೇಲಿನ ಗಿಡದ ಪಾಲು ತಿನ್ನುತ್ತದೆ.

ಅಂಕೋಲಾ_ಅಂಗಳ:
ಟೆರೇಸಿನ ಬಿಸಿಲು, ಅದೂ ಕಪ್ಪು ಬ್ಯಾಗು! ಮಧ್ಯಾಹ್ನ ಬ್ಯಾಗಿಗೆ ಕೈ ಇಟ್ಟು ನೋಡಿ. ಮೆಣಸು ಅರೆನೆರಳಿನ ಗಿಡ ಅಲ್ವಾ. ನಾನು ಶೇಡ್‌ನೆಟ್ ಕಟ್ಟಿ ಬ್ಯಾಗಿಗೆ ಗೋಣಿ ಸುತ್ತಿದ್ದೇನೆ, ಮೇಲೆ ತೆಂಗಿನ ಸಿಪ್ಪೆ ಮುಚ್ಚಿದ್ದೇನೆ. ಕಡಲಿನ ಕಡೆಗೆ ಒಂದು ತಡೆಯೂ ಬೇಕು, ಗಾಳಿಯಲ್ಲೂ ಉಪ್ಪು ಬರುತ್ತದೆ.

ಕೋಡಿಬಾಗ_ಟೆರೇಸ್:
ನಮ್ಮಲ್ಲಿ ಗಂಗಾವಳಿ ನೀರು ನಲ್ಲಿಗೆ ಬರುತ್ತದೆ, ಇನ್ನು ಅದನ್ನೇ ಕೊಡುತ್ತೇನೆ. ಗೊಬ್ಬರ ಯಾವಾಗ?

ಬೆಟ್ಟದ_ಭಾಗಾಯ್ತ:
ಸುಟ್ಟ ಎಲೆ ಹಸಿರಾಗುವುದಿಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ. ಹೊಸ ಎಲೆ ಸರಿಯಾದ ಅಳತೆಗೆ ಬಂದ ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಡಿಎಪಿ ಅಟ್ಟದ ಮೇಲೆ ಇರಲಿ.