ಓಡುತ್ತಿರುವ ಪ್ರೊಸೆಸ್ಸನ್ನು ರೀಬೂಟ್ ಆದಮೇಲೆ ಅದೇ ಜಾಗದಿಂದ ಮುಂದುವರಿಸೋದು ಹೇಗೆ?

ಪ್ರಶ್ನೆ
ಲಿನಕ್ಸ್ ಸರ್ವರ್‌ನಲ್ಲಿ ವಾರಗಟ್ಟಲೆ ಓಡಬೇಕಾದ ಸಿಮ್ಯುಲೇಶನ್ ಇದೆ. ಮಧ್ಯದಲ್ಲೇ ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್‌ಗೆ ರೀಬೂಟ್ ಮಾಡಬೇಕು. ಪ್ರೋಗ್ರಾಂನಲ್ಲಿ ಸೇವ್ ಸೌಲಭ್ಯ ಇಲ್ಲ, ಸೋರ್ಸ್ ಕೋಡೂ ಇಲ್ಲ. ಒಂದೇ ಪ್ರೊಸೆಸ್, ಸುಮಾರು 12 ಜಿಬಿ ಮೆಮೊರಿ, ಟರ್ಮಿನಲ್‌ನಿಂದ ಶುರು ಮಾಡಿದ್ದು, ಒಂದು ಲಾಗ್ ಫೈಲ್‌ಗೆ ಬರೆಯುತ್ತಿರುತ್ತದೆ. ಸ್ಟಾಪ್ ಸಿಗ್ನಲ್ ಅಥವಾ ಹೈಬರ್ನೇಟ್ ಸಾಕಾಗುತ್ತಾ? ರೂಟ್ ಅನುಮತಿ ಇದೆ.

ಉತ್ತರ 1
ಎರಡೂ ಆಗಲ್ಲ. ಸ್ಟಾಪ್ ಆದ ಪ್ರೊಸೆಸ್ ರ‍್ಯಾಮ್‌ನಲ್ಲೇ ಇರುತ್ತದೆ, ರೀಬೂಟ್ ಆದರೆ ಹೋಯ್ತು. ಹೈಬರ್ನೇಟ್‌ನಿಂದ ಎದ್ದರೆ ಹಳೇ ಕರ್ನಲ್ಲೇ ವಾಪಸ್ ಬರುತ್ತದೆ. ನಿಮಗೆ ಬೇಕಿರೋದು ಕ್ರಿಯು (CRIU): ಓಡುತ್ತಿರುವ ಪ್ರೊಸೆಸ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಇಮೇಜ್ ಫೈಲ್‌ಗಳಾಗಿ ಉಳಿಸಿ (ಡಂಪ್), ಆಮೇಲೆ ಅಲ್ಲಿಂದಲೇ ಮುಂದುವರಿಸುವ (ರಿಸ್ಟೋರ್) ಟೂಲ್.

ಮೊದಲು ‘ಕ್ರಿಯು ಚೆಕ್’ ಓಡಿಸಿ ಕರ್ನಲ್ ಬೆಂಬಲ ನೋಡಿಕೊಳ್ಳಿ. ಆಮೇಲೆ ಡಂಪ್ ಆಜ್ಞೆಗೆ ಪಿಐಡಿ (ಪ್ರೊಸೆಸ್‌ನ ಸಂಖ್ಯೆ), ಇಮೇಜ್ ಫೋಲ್ಡರ್, ‘ಶೆಲ್-ಜಾಬ್’ ಆಯ್ಕೆ ಕೊಡಿ. ಟರ್ಮಿನಲ್‌ನಿಂದ ಶುರುವಾದ ಪ್ರೊಸೆಸ್‌ಗೆ ಆ ಆಯ್ಕೆ ಡಂಪ್, ರಿಸ್ಟೋರ್ ಎರಡಕ್ಕೂ ಬೇಕು. ಡಿಸ್ಕ್‌ನಲ್ಲಿ 12 ಜಿಬಿಗಿಂತ ಹೆಚ್ಚು ಜಾಗ ಇರಲಿ. ಟೆಂಪ್ ಫೋಲ್ಡರ್‌ಗೆ ಮಾತ್ರ ಹಾಕಬೇಡಿ, ಎಷ್ಟೋ ಸಿಸ್ಟಂಗಳಲ್ಲಿ ಅದೂ ರ‍್ಯಾಮ್‌ನಲ್ಲೇ ಇರುತ್ತದೆ.

ಡಂಪ್ ಮುಗಿದ ಕೂಡಲೇ ಕ್ರಿಯು ಪ್ರೊಸೆಸ್ಸನ್ನು ಮುಗಿಸಿಬಿಡುತ್ತದೆ, ನಿಮಗೆ ಅದೇ ಸರಿ. ‘ಲೀವ್-ರನ್ನಿಂಗ್’ ಹಾಕಿದರೆ ಪ್ರೊಸೆಸ್ ಓಡುತ್ತಲೇ ಇದ್ದು ಲಾಗ್ ಬೆಳೆಯುತ್ತಾ ಹೋಗುತ್ತದೆ. ಇಮೇಜ್‌ನಲ್ಲಿ ಲಾಗಿನ ಬರಹ ಇರುವುದಿಲ್ಲ. ಹೆಸರು, ಓದು-ಬರಹದ ಸ್ಥಾನ, ಗಾತ್ರ ಇಷ್ಟೇ. ಗಾತ್ರ ಒಂದು ಬೈಟ್ ವ್ಯತ್ಯಾಸವಾದರೂ ರಿಸ್ಟೋರ್ ನಿಲ್ಲಬಹುದು. ಹಳೇ ಲಾಗ್‌ಗಳನ್ನು ತಾನೇ ಬದಲಿಸುವ ಲಾಗ್‌ರೊಟೇಟ್ ಇದ್ದರೆ ಆ ಫೈಲ್ ಮುಟ್ಟದ ಹಾಗೆ ಮಾಡಿ.

ಉತ್ತರ 2
ಸೇರಿಸುವುದಾದರೆ, ಕರ್ನಲ್ ಪ್ಯಾಕೇಜ್ ಮಾತ್ರ ಅಪ್‌ಡೇಟ್ ಮಾಡಿ. ಲೈಬ್ರರಿಗಳ ಕೋಡ್ ಇಮೇಜ್‌ನಲ್ಲಿ ಇರದು, ರಿಸ್ಟೋರ್ ವೇಳೆ ಡಿಸ್ಕ್‌ನ ಫೈಲ್‌ನಿಂದಲೇ ಬರುತ್ತದೆ. ಜಿಲಿಬ್‌ಸಿ (ಬಹುತೇಕ ಪ್ರೋಗ್ರಾಂಗಳು ಬಳಸುವ ಮೂಲ ಸಿ ಲೈಬ್ರರಿ) ಬದಲಾಗಿದ್ದರೆ ಕತೆ ಮುಗೀತು. ಡಂಪ್‌ಗೆ ಮುಂಚೆಯೇ ಬದಲಾಗಿದ್ದರೆ ಹಳೇದು ಅಳಿಸಿದ ಫೈಲಾಗಿ ಉಳಿದಿರುತ್ತದೆ. ಅದು 1 ಎಂಬಿ ದಾಟಿದರೆ ‘ಗೋಸ್ಟ್-ಲಿಮಿಟ್’ (ಅಳಿಸಿದ ಫೈಲ್‌ಗಳ ಗಾತ್ರದ ಮಿತಿ) ಏರಿಸದೆ ಡಂಪ್ ಆಗಲ್ಲ.

ಕ್ರಿಯು ಹಳೇ ಪಿಐಡಿಯನ್ನೇ ಕೇಳುತ್ತದೆ. ರೀಬೂಟ್ ನಂತರ ಆ ಸಂಖ್ಯೆ ಬೇರೆಯವರ ಪಾಲಾಗಿದ್ದರೆ ‘ಅನ್‌ಶೇರ್’ ಆಜ್ಞೆಯಿಂದ ಹೊಸ ಪಿಐಡಿ ನೇಮ್‌ಸ್ಪೇಸ್ (ಪಿಐಡಿಗಳ ಪ್ರತ್ಯೇಕ ಲೋಕ) ತೆರೆದು, ಪ್ರೊಸೆಸ್‌ಗಳ ಮಾಹಿತಿ ಇರುವ ಪ್ರೊಕ್ ಫೋಲ್ಡರ್ ಮತ್ತೆ ಮೌಂಟ್ ಮಾಡಿ, ಅದರೊಳಗೆ ರಿಸ್ಟೋರ್ ಮಾಡಿ.

ಪ್ರಶ್ನೆ ಕೇಳಿದವರು
ಲೈಸೆನ್ಸ್ ಸರ್ವರ್‌ಗೆ ಒಂದು ಟಿಸಿಪಿ (ನೆಟ್‌ವರ್ಕ್) ಸಂಪರ್ಕವೂ ತೆರೆದಿದೆ.

ಉತ್ತರ 3
ಹಾಗಾದರೆ ಡಂಪ್‌ಗೆ ‘ಟಿಸಿಪಿ-ಎಸ್ಟಾಬ್ಲಿಷ್ಡ್’ ಆಯ್ಕೆಯನ್ನೂ ಕೊಡಿ. ಕ್ರಿಯು ಆ ಸಂಪರ್ಕಕ್ಕೆ ಫೈರ್‌ವಾಲ್ ಬೀಗ ಹಾಕುತ್ತದೆ, ಆದರೆ ರೀಬೂಟ್‌ನಲ್ಲಿ ಬೀಗವೇ ಅಳಿಸಿಹೋಗುತ್ತದೆ. ಆಗ ಆ ಕಡೆಯಿಂದ ಪ್ಯಾಕೆಟ್ ಬಂದರೆ ಹೊಸ ಕರ್ನಲ್ ರೀಸೆಟ್ ಕಳಿಸಿ ಸಂಪರ್ಕ ಕಡಿಯುತ್ತದೆ. ರಿಸ್ಟೋರ್‌ಗೆ ‘ಟಿಸಿಪಿ-ಕ್ಲೋಸ್’ ಕೊಡಿ. ಸಾಕೆಟ್ (ಸಂಪರ್ಕದ ಈ ಕಡೆಯ ತುದಿ) ಮುಚ್ಚಿದ ಸ್ಥಿತಿಯಲ್ಲಿ ಬರುತ್ತದೆ. ಪ್ರೋಗ್ರಾಂ ತಾನೇ ಮರುಸಂಪರ್ಕ ಮಾಡಿದರೆ ಬಚಾವ್, ಇಲ್ಲವಾದರೆ ಅಲ್ಲೇ ನಿಲ್ಲುತ್ತದೆ. ಅದನ್ನು ತಿಳಿಯಲು ಚಿಕ್ಕ ಇನ್‌ಪುಟ್‌ನ ಇನ್ನೊಂದು ಪ್ರತಿ ಓಡಿಸಿ, ಅದರ ಮೇಲೆ ಮೊದಲು ಡಂಪ್-ರಿಸ್ಟೋರ್ ಮಾಡಿ ನೋಡಿ.