ಅಪ್‌ಡೇಟ್: ಪಕ್ಕದ ಮನೆ ಅಂಗಳದ ಹಳೇ ಡಟ್ಸನ್ ಯಾವುದು ಅಂತ ಗೊತ್ತಾಯಿತು

ಹೋದ ತಿಂಗಳು ಕೇಳಿದ್ದೆ: ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜನ ಹತ್ತಿರ ಇರುವ ಪುಟ್ಟ ಡಟ್ಸನ್ (ನಿಸ್ಸಾನ್ ಕಂಪನಿಯ ಹಳೇ ಬ್ರ್ಯಾಂಡ್) ಪಿಕಪ್ 521 ಮಾಡೆಲ್ಲೋ, 620 ಮಾಡೆಲ್ಲೋ? ನೀವು ಹೇಳಿದ ಹಾಗೆ ಮೊದಲು ಪಕ್ಕದ ತಗಡು ನೋಡಿದೆ. ಬಾಗಿಲಿನಿಂದ ಹಿಂದಿನ ತೊಟ್ಟಿವರೆಗೂ ಒಂದು ಏಣು ಉದ್ದಕ್ಕೆ ಹೋಗಿದೆ. ಇದಕ್ಕೇ 'ಬುಲೆಟ್ ಸೈಡ್' ಅನ್ನುವುದಂತೆ. ಅದು 620ರ ಗುರುತು, ಹಾಗಾಗಿ 620 ಖಚಿತ.

ಇಸವಿ ಹುಡುಕಿದ್ದೇ ಜಾಸ್ತಿ ಖುಷಿ ಕೊಟ್ಟಿತು. ಇಂಜಿನ್ ಬ್ಲಾಕಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿದಾಗ ಎಲ್20ಬಿ ಅಂತ ಕಾಣಿಸಿತು. 620ಕ್ಕೆ ಈ ಇಂಜಿನ್ ಬಂದಿದ್ದು 1975ರಲ್ಲಿ, ಅಂದರೆ ಗಾಡಿ ಅದಕ್ಕಿಂತ ಹಳೆಯದಲ್ಲ. ಸೀಟಿನ ಹಿಂದೆ ಸಾಮಾನು ಇಡುವಷ್ಟು ಜಾಗ ಇದೆ, ಕಿಂಗ್ ಕ್ಯಾಬ್! ಅದು ಬಂದಿದ್ದು 1977ರಲ್ಲಿ. ಮುಂದಿನ ಚಕ್ರ ಬಿಚ್ಚಿದರೆ ಡ್ರಮ್ ಬ್ರೇಕ್. 1978ಕ್ಕೆ ಮುಂದೆ ಡಿಸ್ಕ್ ಬಂತು ಅಲ್ವಾ, ಹಾಗಾಗಿ ಇದು 1977. ಅಜ್ಜ ಒಳಗಿನಿಂದ ಕಾಗದ ತಂದು ತೋರಿಸಿದರು, ಅದರಲ್ಲೂ ಅದೇ ಇಸವಿ.

ಎಷ್ಟು ಚಿಕ್ಕ ಗಾಡಿ, ಎಷ್ಟು ಅಚ್ಚುಕಟ್ಟು! ಬಾನೆಟ್ ಎತ್ತಿದರೆ ಎಲ್ಲಾ ಕೈಗೆ ಸಿಗುತ್ತದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಅಜ್ಜನ ಜೊತೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುತ್ತೇವೆ.