ಅಪ್ಪ-ಅಮ್ಮನ 40ನೇ ವಾರ್ಷಿಕೋತ್ಸವಕ್ಕೆ ಅಂಡಮಾನ್: ಏಜೆಂಟ್ ಕೊಟ್ಟ ಪ್ಲ್ಯಾನ್ ಸರಿಯಿದೆಯಾ?

ತುಂಗಾತೀರ:
ಫೆಬ್ರವರಿ ಮೂರನೇ ವಾರಕ್ಕೆ ಅಪ್ಪ-ಅಮ್ಮನ ಮದುವೆಯಾಗಿ 40 ವರ್ಷ. ಇಬ್ಬರನ್ನೇ ಕಳಿಸುವ ಯೋಚನೆ, ಜೊತೆಗೆ ಯಾರೂ ಹೋಗುತ್ತಿಲ್ಲ. ಅಪ್ಪನಿಗೆ 69, ಬಿಪಿ ಮಾತ್ರೆ ನಡೆಯುತ್ತಿದೆ. ಅಮ್ಮನಿಗೆ 64, ಮಂಡಿನೋವು, ಘಾಟಿ ರಸ್ತೆಯಲ್ಲಿ ಬಸ್ಸು ಹತ್ತಿದರೆ ವಾಂತಿ. ಇಬ್ಬರೂ ಮೊಟ್ಟೆ ಕೂಡ ತಿನ್ನುವುದಿಲ್ಲ. ಬೆಂಗಳೂರಿಂದ ವಿಮಾನ. ಏಜೆಂಟ್ ಕೊಟ್ಟಿದ್ದು 5 ರಾತ್ರಿಯ ಪ್ಲ್ಯಾನ್:

1ನೇ ದಿನ ಪೋರ್ಟ್ ಬ್ಲೇರ್, ಸೆಲ್ಯುಲರ್ ಜೈಲು. 2ನೇ ದಿನ ಬಾರಾಟಾಂಗ್ ಹೋಗಿ ವಾಪಸ್. 3ನೇ ದಿನ ಹ್ಯಾವ್ಲಾಕ್ ದ್ವೀಪ, ರಾಧಾನಗರ ಬೀಚ್. 4ನೇ ದಿನ ಬೆಳಿಗ್ಗೆ ಎಲಿಫೆಂಟ್ ಬೀಚ್, ಮಧ್ಯಾಹ್ನ ನೀಲ್ ದ್ವೀಪಕ್ಕೆ ಫೆರಿ. 5ನೇ ದಿನ ನೀಲ್. 6ನೇ ದಿನ ಬೆಳಿಗ್ಗೆ ನೀಲ್‌ನಿಂದ ಫೆರಿ, ಮಧ್ಯಾಹ್ನ ವಿಮಾನ.

ಇದರಲ್ಲಿ ಏನು ಬಿಡಬೇಕು, ಏನು ಉಳಿಸಬೇಕು? ಒಂದು ರಾತ್ರಿ ಹೆಚ್ಚು ಮಾಡಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ.

ಕಡಲಕಾಗೆ:
ಮೊದಲು ಕೊನೆಯ ದಿನ ಬದಲಿಸಿ. ಉಳಿದಿದ್ದನ್ನೆಲ್ಲ ಹಾಗೇ ಬಿಟ್ಟರೂ ಇದೊಂದನ್ನು ಬಿಡಬೇಡಿ. ಫೆರಿ ಬೆಳಿಗ್ಗೆ, ವಿಮಾನ ಮಧ್ಯಾಹ್ನ ಅಂತ ಹಾಕಿದರೆ ಇಡೀ ಪ್ರವಾಸ ಒಂದು ದೋಣಿಯ ಮೇಲೆ ನಿಂತ ಹಾಗೆ. ಗಾಳಿ ಎದ್ದರೆ ಫೆರಿ ತಡವಾಗುತ್ತದೆ, ಇಲ್ಲವೇ ರದ್ದಾಗುತ್ತದೆ. ರದ್ದಾದರೆ ಫೆರಿಯ ದುಡ್ಡು ವಾಪಸ್ ಬರುತ್ತದೆ, ವಿಮಾನದ ದುಡ್ಡು ಬರುವುದಿಲ್ಲ. ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣದ ರನ್‌ವೇ ನೌಕಾಪಡೆಯದು, ಐಎನ್‌ಎಸ್ ಉತ್ಕ್ರೋಶ್. ಪ್ರಯಾಣಿಕರ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯಿಂದ ಮಧ್ಯಾಹ್ನದ ಒಳಗೇ ಬಂದು ಹೋಗುತ್ತವೆ. ತಪ್ಪಿಸಿಕೊಂಡರೆ ಸಂಜೆಗೆ ಇನ್ನೊಂದು ಹಿಡಿಯೋಣ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹೆಚ್ಚುವರಿ ರಾತ್ರಿ ಇದೆಯಲ್ಲ, ಅದನ್ನು ಕೊನೆಗೆ ಪೋರ್ಟ್ ಬ್ಲೇರಿನಲ್ಲಿ ಇಡಿ.

ಎರಡನೆಯದು ಬಾರಾಟಾಂಗ್. ಪೂರ್ತಿ ತೆಗೆಯಿರಿ. ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶದ ಮೂಲಕ ಹೋಗುವ ರಸ್ತೆ ಅದು. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ನಿಗದಿತ ಹೊತ್ತಿಗೆ ಪೊಲೀಸ್ ಬೆಂಗಾವಲಿನಲ್ಲಿ ಮಾತ್ರ ವಾಹನ ಬಿಡುತ್ತಾರೆ, ನಡುವೆ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಮೊದಲ ಸಾಲಿಗೆ ಸೇರಲು ನಸುಕಿನ ಮೂರು-ಮೂರೂವರೆಗೆ ಹೋಟೆಲ್ ಬಿಡಬೇಕು. ಆಮೇಲೆ ದೊಡ್ಡ ಫೆರಿ, ಸ್ಪೀಡ್‌ಬೋಟ್, ಸುಣ್ಣದಕಲ್ಲಿನ ಗುಹೆಗೆ ಕಾಡಿನ ನಡಿಗೆ. ಮಂಡಿನೋವು ಇರುವವರಿಗೆ, ಶೌಚಾಲಯಕ್ಕೆ ಆಗಾಗ ಹೋಗಬೇಕಾದವರಿಗೆ ಇದು ಹೇಳಿದ್ದಲ್ಲ.

ನನ್ನ ಪ್ಲ್ಯಾನ್: ಪೋರ್ಟ್ ಬ್ಲೇರ್ 1, ಹ್ಯಾವ್ಲಾಕ್ 3, ನೀಲ್ 1, ಪೋರ್ಟ್ ಬ್ಲೇರ್ 1. ಮೊದಲ ದಿನ ಮಧ್ಯಾಹ್ನ ಮಲಗಿ ಎದ್ದು, ಸಂಜೆ ಸೆಲ್ಯುಲರ್ ಜೈಲು ಮತ್ತು ಧ್ವನಿ-ಬೆಳಕು ಪ್ರದರ್ಶನ. ಜೈಲಿನ ಏಳು ಸಾಲುಗಳಲ್ಲಿ ಉಳಿದಿರುವುದು ಮೂರೇ, ನೆಲಮಹಡಿ ನೋಡಿದರೂ ಸಾಕು. ಸಾವರ್ಕರ್ ಇದ್ದ ಕೋಣೆ ಮಾತ್ರ ಮೇಲಿನ ಮಹಡಿಯಲ್ಲಿದೆ, ಅಪ್ಪ ಒಬ್ಬರೇ ಹತ್ತಿ ಬರಲಿ. ರಾಸ್ ದ್ವೀಪಕ್ಕೆ ಅಬರ್ಡೀನ್ ಜೆಟ್ಟಿಯಿಂದ ಕಾಲು ಗಂಟೆ ದೋಣಿ, ಮೇಲೆ ಏರಲು ಬ್ಯಾಟರಿ ಗಾಡಿ ಸಿಗುತ್ತದೆ. ಆದರೆ ಬುಧವಾರ ರಜೆ, ಅದನ್ನು ನೋಡಿಕೊಂಡೇ ದಿನ ಹಾಕಿ.

ಹೆಸರಿನ ಗೊಂದಲಕ್ಕೆ ಮೊದಲೇ ಹೇಳಿಬಿಡಿ: 2018ರ ಡಿಸೆಂಬರಿನಿಂದ ಹ್ಯಾವ್ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, ರಾಸ್ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟಿನಲ್ಲಿ ಒಂದು ಹೆಸರು, ಡ್ರೈವರ್ ಬಾಯಲ್ಲಿ ಇನ್ನೊಂದು. ವಯಸ್ಸಾದವರು ಜೆಟ್ಟಿಯಲ್ಲಿ ಗಾಬರಿಯಾಗುವುದು ಇಂಥದ್ದಕ್ಕೇ.

ಅಲೆಮಾಪಕ:
ಫೆರಿ ಬಗ್ಗೆ ಒಂದಿಷ್ಟು. ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ ಖಾಸಗಿ ಕ್ಯಾಟಮರಾನ್ (ಎರಡು ಒಡಲಿನ ವೇಗದ ಫೆರಿ) ಸುಮಾರು ಒಂದೂವರೆ ಗಂಟೆ, ಸರ್ಕಾರಿ ಹಡಗು ಎರಡರಿಂದ ಎರಡೂವರೆ. ಹ್ಯಾವ್ಲಾಕ್‌ನಿಂದ ನೀಲ್‌ಗೆ ಒಂದು ಗಂಟೆಯೊಳಗೆ. ಸರ್ಕಾರಿ ಹಡಗು ಅಗ್ಗ, ಆದರೆ ನಿಮ್ಮ ಅಪ್ಪ-ಅಮ್ಮನಿಗೆ ಖಾಸಗಿಯೇ ಸರಿ: ಸೀಟು ನಂಬರ್ ಖಾತ್ರಿ, ಹತ್ತಿಸುವಾಗ ಕೈಹಿಡಿಯುವವರು ಇರುತ್ತಾರೆ. ಬೆಳಗಿನ ಮೊದಲ ಫೆರಿಯನ್ನೇ ಹಿಡಿಯಿರಿ, ಬಿಸಿಲೇರಿದ ಮೇಲೆ ಗಾಳಿ ಏಳುವುದು ಹೆಚ್ಚು.

ಸೀಟು ಆರಿಸುವಾಗ ಮೋಸಹೋಗುವುದು ಇಲ್ಲಿ: ದುಬಾರಿ ದರ್ಜೆ ಅಂದರೆ ಸಾಮಾನ್ಯವಾಗಿ ಮೇಲಿನ ಡೆಕ್. ನೋಟ ಚೆಂದ, ಓಲಾಟವೂ ಅಷ್ಟೇ ಜೋರು. ಕ್ಯಾಟಮರಾನಿನ ಮುಂಭಾಗ ಅಲೆಗೆ ಎದ್ದು ಬೀಳುತ್ತದೆ. ಹೊಟ್ಟೆ ತೊಳಸುವವರಿಗೆ ಕೆಳಗಿನ ಡೆಕ್‌ನಲ್ಲಿ ಮಧ್ಯದಿಂದ ಸ್ವಲ್ಪ ಹಿಂದೆ, ದಿಗಂತ ಕಾಣುವಂಥ ಕಿಟಕಿ ಪಕ್ಕದ ಸೀಟು. ಮೊಬೈಲು, ಪುಸ್ತಕ ನೋಡಬಾರದು. ಖಾಲಿ ಹೊಟ್ಟೆಯಲ್ಲಿ ಹತ್ತಿಸಬೇಡಿ. ಎರಡು ಗಂಟೆ ಮೊದಲು ಎರಡು ಇಡ್ಲಿ ಸಾಕು, ಎಣ್ಣೆ ಪೂರಿ ಬೇಡ.

ವಾಂತಿ ತಡೆಯುವ ಮಾತ್ರೆ: ಅವೋಮಿನ್ 25 ಮಿಲಿಗ್ರಾಂ ಎಲ್ಲ ಕಡೆ ಸಿಗುತ್ತದೆ, ಹೊರಡುವ ಒಂದೆರಡು ಗಂಟೆ ಮೊದಲು ತೆಗೆದುಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಆದರೆ ಇದು ತೂಕಡಿಕೆ ತರಿಸುವ ಮಾತ್ರೆ. ವಯಸ್ಸಾದವರು ತಟ್ಟನೆ ಎದ್ದು ನಿಂತರೆ ತಲೆಸುತ್ತಬಹುದು. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಬೇಡ. ಅಮ್ಮನಿಗೂ ವೈದ್ಯರ ಹತ್ತಿರ ಒಮ್ಮೆ ಕೇಳಿ, ಹೊರಡುವ ವಾರ ಮೊದಲು ಮನೆಯಲ್ಲೇ ಒಂದು ಕೊಟ್ಟು ನೋಡಿ. ಜೆಟ್ಟಿಯಿಂದ ದೋಣಿಗೆ ಕಾಲಿಡುವ ಜಾಗದಲ್ಲಿ ತೂಕಡಿಸುತ್ತಿದ್ದರೆ ಕಷ್ಟ.

ದೊಡ್ಡ ಸೂಟ್‌ಕೇಸನ್ನು ಹತ್ತುವಾಗಲೇ ಇಸಿದುಕೊಂಡು ಬೇರೆ ಕಡೆ ರಾಶಿ ಹಾಕುತ್ತಾರೆ, ಇಳಿಯುವವರೆಗೆ ಕೈಗೆ ಸಿಗುವುದಿಲ್ಲ. ಬಿಪಿ ಮಾತ್ರೆ, ನೀರು, ಮೂಲ ಆಧಾರ್ ಕಾರ್ಡು ಕೈಚೀಲದಲ್ಲಿರಲಿ. ಟಿಕೆಟಿನ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇರಬೇಕು.

ಸೊಪ್ಪಿನಸಾರು:
ಕಡಲಕಾಗೆ ಅವರ ಉಳಿದ ಮಾತೆಲ್ಲ ಒಪ್ಪುತ್ತೇನೆ, ಹ್ಯಾವ್ಲಾಕ್ 3 ನೀಲ್ 1 ಅನ್ನುವುದನ್ನು ಒಪ್ಪಲ್ಲ. ಒಂದು ರಾತ್ರಿಗೆ ಅಂತ ನೀಲ್‌ಗೆ ಹೋದರೆ ಪೆಟ್ಟಿಗೆ ಬಿಚ್ಚಿ ಕಟ್ಟುವುದರಲ್ಲೇ ಮುಗಿಯಿತು. 2-2 ಮಾಡಿ. ನೀಲ್ ಸಣ್ಣದು, ಬಹುಪಾಲು ಸಮತಟ್ಟು, ತರಕಾರಿ ಬೆಳೆಯುವ ಊರು. ಜೆಟ್ಟಿಯ ಪಕ್ಕದಲ್ಲೇ ಭರತ್‌ಪುರ ಬೀಚ್, ಅಲ್ಲಿಂದ ಗಾಜಿನ ತಳದ ದೋಣಿಯಲ್ಲಿ ಹವಳ ನೋಡಬಹುದು. ನೀರಿಗೆ ಬೀಳುವ ಪ್ರಮೇಯವೇ ಇಲ್ಲ. ಎಲಿಫೆಂಟ್ ಬೀಚಿಗೆ ಹೋಗಲು ದೋಣಿ ಏರಿಳಿಯುವುದೇ ಅಮ್ಮನ ಮಂಡಿಗೆ ಪರೀಕ್ಷೆ. ಅದನ್ನು ಬಿಟ್ಟರೆ ಹ್ಯಾವ್ಲಾಕ್‌ನಲ್ಲಿ ಎರಡು ದಿನ ಧಾರಾಳ.

ಹ್ಯಾವ್ಲಾಕ್ ರೂಮು: ‘ಬೀಚ್ ಫ್ರಂಟ್’ ಅಂತ ಮಾರುವ ಬಹಳಷ್ಟು ರೆಸಾರ್ಟ್‌ಗಳು 3 ಮತ್ತು 5ನೇ ನಂಬರಿನ ಬೀಚ್‌ಗಳಿರುವ ಪೂರ್ವ ದಡದಲ್ಲಿವೆ. ಇಳಿತದ ಹೊತ್ತಿಗೆ ನೀರು ಎಷ್ಟೋ ದೂರ ಹಿಂದೆ ಸರಿದು ಹವಳದ ಕಲ್ಲು ಎದ್ದು ನಿಲ್ಲುತ್ತದೆ. ಸೂರ್ಯೋದಯಕ್ಕೆ ಚೆನ್ನ, ಕಾಲು ನೆನೆಸಲು ಅಲ್ಲ. ಮರಳಿನ ದಡ ಬೇಕಾದರೆ ರಾಧಾನಗರ, ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. ಹಾಗಾಗಿ ಸಂಜೆಗೆ ಹೋಗಿ ಬರುವ ಕಾರನ್ನು ಮೊದಲೇ ಮಾತಾಡಿ. ಫೆಬ್ರವರಿಯಲ್ಲಿ ಐದೂವರೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ನಾಲ್ಕಕ್ಕೆ ಅಲ್ಲಿರಬೇಕು, ಕತ್ತಲಾಗುವ ಹೊತ್ತಿಗೆ ಸೀಟಿ ಊದಿ ಕಳಿಸುತ್ತಾರೆ. ಅಲ್ಲೇ ಕ್ಯಾಂಡಲ್‌ಲೈಟ್ ಊಟ ಅಂತ ಏಜೆಂಟ್ ಹೇಳಿದರೆ ನಂಬಬೇಡಿ. ಕೇಕು, ಊಟ ಎಲ್ಲ ರೆಸಾರ್ಟಿನೊಳಗೆ.

ಬುಕ್ ಮಾಡುವ ಮೊದಲು ರೆಸಾರ್ಟಿಗೆ ಫೋನಿನಲ್ಲಿ ಇಷ್ಟು ಕೇಳಿ: ರೂಮಿಗೆ ಎಷ್ಟು ಮೆಟ್ಟಿಲು, ಗೇಟಿನಿಂದ ಮರಳಿನ ದಾರಿಯೋ ಸಿಮೆಂಟಿನದೋ, ವೆಸ್ಟರ್ನ್ ಕಮೋಡ್ ಇದೆಯಾ, ಕರೆಂಟು ಹೋದರೆ ಎಸಿ ಜನರೇಟರಿನಲ್ಲಿ ಓಡುತ್ತದಾ, ಮೊಟ್ಟೆಯಿಲ್ಲದ ಕೇಕು ದ್ವೀಪದಲ್ಲೇ ಮಾಡುತ್ತಾರಾ ಇಲ್ಲ ಪೋರ್ಟ್ ಬ್ಲೇರಿನಿಂದ ತರಿಸಬೇಕಾ. ಕೊನೆಯದಕ್ಕೆ ಎರಡು ದಿನ ಮೊದಲೇ ಹೇಳಬೇಕಾಗಬಹುದು.

ಊಟಕ್ಕೆ ಪೋರ್ಟ್ ಬ್ಲೇರಿನಲ್ಲಿ ಚಿಂತೆಯಿಲ್ಲ, ತಮಿಳರು ತುಂಬ ಇರುವ ಊರು, ದೋಸೆ-ಅನ್ನ-ಸಾಂಬಾರ್ ಸಿಗುತ್ತದೆ. ದ್ವೀಪಗಳಲ್ಲಿ ಅನ್ನ, ದಾಲ್, ರೊಟ್ಟಿ, ಪಲ್ಯ ಸಿಗುತ್ತದೆ, ಆದರೆ ಅದೇ ಅಡುಗೆಮನೆಯಲ್ಲಿ ಮೀನೂ ಬೇಯುತ್ತದೆ. ಅಷ್ಟು ಮಡಿ ಇದ್ದರೆ ಅವಲಕ್ಕಿ, ಚಟ್ನಿಪುಡಿ, ರವೆ ಉಂಡೆ ಕಟ್ಟಿಕೊಡಿ. ನಗದು ಸಾಕಷ್ಟು ಇರಲಿ, ನೀಲ್‌ನಲ್ಲಿ ಎಟಿಎಂ ನಂಬಿಕೊಂಡು ಹೋಗುವ ಹಾಗಿಲ್ಲ.

ತುಂಗಾತೀರ:
2-2 ಮಾಡಿದೆ, ಬಾರಾಟಾಂಗ್ ಮತ್ತು ಎಲಿಫೆಂಟ್ ಬೀಚ್ ತೆಗೆದೆ. ಎರಡು ಸಂಶಯ. ನೀಲ್‌ನ ಕಡಲತೀರದಲ್ಲಿ ತಾನಾಗೇ ಆದ ಕಲ್ಲಿನ ಸೇತುವೆ ನೋಡಬೇಕು ಅಂತ ಅಪ್ಪನ ಹಟ, ಆಗುತ್ತಾ? ಇನ್ನು, ಲಕ್ಷದ್ವೀಪ ಹತ್ತಿರ ಅಲ್ವಾ ಅಂತ ಚಿಕ್ಕಪ್ಪ ಅನ್ನುತ್ತಿದ್ದಾರೆ.

ಅಲೆಮಾಪಕ:
ಲಕ್ಷದ್ವೀಪ ನಕ್ಷೆಯಲ್ಲಿ ಹತ್ತಿರ. ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಅಂಡಮಾನಿಗೆ ಬೇಡ. ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ಹಲವು ದ್ವೀಪಗಳಲ್ಲಿ ಹಡಗು ಲಗೂನಿನ (ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರು) ಹೊರಗೇ ನಿಲ್ಲುತ್ತದೆ. ಅಲೆಯಲ್ಲಿ ಮೇಲೆ-ಕೆಳಗೆ ಆಡುವ ಸಣ್ಣ ದೋಣಿಗೆ ಹಡಗಿನ ಪಕ್ಕದ ಬಾಗಿಲಿಂದ ದಾಟಬೇಕು. ಮಂಡಿನೋವಿನ ಅಮ್ಮನಿಗೆ ಬೇಡವೇ ಬೇಡ.

ಕಡಲಕಾಗೆ:
2-2 ಆಗಲಿ, ಎಲಿಫೆಂಟ್ ಬೀಚ್ ಬಿಟ್ಟರೆ ಅದೇ ಸರಿ. ಕಲ್ಲಿನ ಸೇತುವೆಗೆ ಇಳಿತದ ಹೊತ್ತಿಗೆ ಮಾತ್ರ ಹೋಗಲು ಸಾಧ್ಯ. ಉಬ್ಬರದಲ್ಲಿ ದಾರಿಯ ಬಂಡೆಗಳೆಲ್ಲ ನೀರೊಳಗೆ. ಇಳಿತ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಕೆಳಗಿಳಿಯುತ್ತದೆ. ಪೋರ್ಟ್ ಬ್ಲೇರಿನ ಉಬ್ಬರವಿಳಿತದ ಪಟ್ಟಿ ನೋಡಿ, ಇಳಿತದ ಸಮಯಕ್ಕೆ ಒಂದು ಗಂಟೆ ಮೊದಲು ತಲುಪಿದರೆ ನಿಧಾನವಾಗಿ ನೋಡಿ ಬರಬಹುದು. ನೀಲ್‌ನ ಎರಡು ದಿನಗಳಲ್ಲಿ ಹಗಲಿನ ಇಳಿತ ಯಾವಾಗ ಅಂತ ನೋಡಿ ಆಮೇಲೆ ಫೆರಿ ಬುಕ್ ಮಾಡಿ. ಬಂಡೆಯ ಮೇಲೆ ಪಾಚಿ ಇರುತ್ತದೆ, ಹವಳ ಚೂಪಾಗಿರುತ್ತದೆ. ಹವಾಯಿ ಚಪ್ಪಲಿ ಜಾರುತ್ತದೆ, ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಬೇಕು. ಸ್ಥಳೀಯ ಗೈಡ್ ಒಬ್ಬರನ್ನು ಅಪ್ಪನ ಜೊತೆ ಕಳಿಸಿ, ಅಮ್ಮ ಮೇಲಿನ ಅಂಗಡಿಯಲ್ಲಿ ಎಳನೀರು ಕುಡಿಯುತ್ತಾ ಕೂರಲಿ.

ದಡದಲ್ಲಿ ಬಿದ್ದ ಚಿಪ್ಪು, ಹವಳದ ಚೂರು ನೆನಪಿಗೆ ಅಂತ ಚೀಲಕ್ಕೆ ಹಾಕಿಕೊಳ್ಳಬಾರದು ಅಂತ ಇಬ್ಬರಿಗೂ ಹೇಳಿ. ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಸಿಗುತ್ತದೆ, ಹವಳ ವನ್ಯಜೀವಿ ಕಾಯ್ದೆಯಡಿ ಬರುತ್ತದೆ. ವಿಮಾನದ ಟಿಕೆಟ್ ಮಾಡುವಾಗಲೇ ಅಮ್ಮನಿಗೆ ಎರಡೂ ಕಡೆ ವೀಲ್‌ಚೇರ್ ಕೇಳಿಡಿ, ಕೌಂಟರಿನಲ್ಲಿ ಕೇಳಿದರೆ ಕಾಯಿಸುತ್ತಾರೆ.